ಕೈರೋಪ್ರ್ಯಾಕ್ಟಿಕ್: ಸೊಂಟಕ್ಕೆ ಹೌದು, ಕುತ್ತಿಗೆಗೆ ಬೇಡ

ಬೆಂಗಳೂರಿನಲ್ಲಿ ಎರಡು ವರ್ಷದಿಂದ ಸೊಂಟನೋವಿಗೆ ಕೈರೋಪ್ರ್ಯಾಕ್ಟಿಕ್, ಅಂದರೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದೇನೆ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಸೊಂಟ ಹಿಡಿದುಕೊಳ್ಳುತ್ತದಲ್ವಾ, ನನ್ನದೂ ಅದೇ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮು ಇಲ್ಲ. ನಿಮ್ಮ ನೋವು ಬೇರೆ ಥರದ್ದಾದರೆ ನನ್ನ ಮಾತು ನಿಮಗೆ ಹೊಂದುವುದಿಲ್ಲ.

ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲು ಮಡಚಿಸುತ್ತಾರೆ. ಭುಜ ಹಿಡಿದು ಸೊಂಟವನ್ನು ತಟ್ಟನೆ ಒತ್ತುತ್ತಾರೆ. ಲಟಕ್ ಅನ್ನುತ್ತದೆ. ಜಾರಿದ ಮೂಳೆ ಜಾಗಕ್ಕೆ ಬಂತು ಅಂತ ಬಹಳ ಜನ ನಂಬುತ್ತಾರೆ. ಹಾಗೇನಿಲ್ಲ. ಕೀಲು ಹಿಗ್ಗಿದಾಗ ಒಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವುದಕ್ಕೂ ಆ ಸದ್ದಿಗೂ ನಂಟು. ಬೆರಳಿನ ನೆಟಿಗೆ ಮುರಿದಾಗ ಬರುವುದೂ ಇದೇ. ಸದ್ದು ಜೋರಾದ ದಿನ ಜಾಸ್ತಿ ಆರಾಮ ಸಿಕ್ಕಿದ್ದೇನೂ ಇಲ್ಲ. ಮೈಕ್ ಹಿಡಿದು ಆ ಸದ್ದನ್ನೇ ತೋರಿಸುವ ವಿಡಿಯೋಗಳನ್ನು ಸುಮ್ನೆ ಮಜಾಕ್ಕೆ ನೋಡಿ, ಅಷ್ಟೇ.

ಎದ್ದ ಕೂಡಲೇ ಸೊಂಟ ಹಗುರ. ಶೂ ಲೇಸ್ ಕಟ್ಟಲು ಬಗ್ಗಿದಾಗ ಗೊತ್ತಾಗುತ್ತದೆ. ಮರುದಿನ ಸ್ವಲ್ಪ ಮೈ ನೋವು. ಎರಡು-ಮೂರು ದಿನ ಕಳೆದರೆ ಮೆಲ್ಲಗೆ ಮತ್ತೆ ಬಿಗಿ. ಆ ಹಗುರಾದ ದಿನಗಳಲ್ಲಿ ವ್ಯಾಯಾಮ ಹಿಡಿದಿದ್ದರಿಂದಲೇ ನನಗೆ ಗುಣ ಕಂಡಿದ್ದು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೂ ಸೊಂಟನೋವಿಗೆ ಇಂಥ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಕೊಡಿ ಅನ್ನುತ್ತದೆ.

ನಾನು ಮೊದಲು ಹೋಗಿದ್ದ ಜಾಗದ ಕಥೆಯೇ ಬೇರೆ. ಬೆನ್ನು ಮುಟ್ಟಿ ನೋಡುವ ಮೊದಲೇ ವರ್ಷದ ಪ್ಯಾಕೇಜ್ ಮುಂದಿಟ್ಟರು. "ಬೆನ್ನುಮೂಳೆ ನೆಟ್ಟಗಾದ್ರೆ ಶುಗರ್ ಕೂಡ ಇಳಿಯುತ್ತೆ ಸಾರ್" ಅಂದರು. ಈ ಹುಚ್ಚು ಹೊಸದಲ್ಲ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಇದನ್ನು ಶುರು ಮಾಡಿದ ಡಿ.ಡಿ. ಪಾಮರ್, ಹೆಚ್ಚಿನ ಕಾಯಿಲೆಗಳಿಗೆಲ್ಲ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಅಂತ ಹೇಳುತ್ತಿದ್ದ. ಅದಕ್ಕೆ ಆಧಾರವಿಲ್ಲ. ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೊಂಡರೆ ಉಳುಕು ಹೋಗುತ್ತದೆ ಅಂತಾರೆ, ಅವರಾದರೂ ಪ್ಯಾಕೇಜ್ ಮಾರುವುದಿಲ್ಲ!

ಈಗ ಹೋಗುವ ಕಡೆ ಹಾಗಿಲ್ಲ. ಕುತ್ತಿಗೆಗೆ ಮಾತ್ರ ಕೈ ಹಾಕಬೇಡಿ ಅಂದೆ, ಒಪ್ಪಿದರು. ಕುತ್ತಿಗೆಯನ್ನು ರಪ್ಪನೆ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಹೊಡೆದ ಉದಾಹರಣೆಗಳಿವೆ. ಅಪರೂಪವೇ, ಆದರೂ ಕುತ್ತಿಗೆ ಬಿಗಿತಕ್ಕೆ ಅಷ್ಟು ರಿಸ್ಕ್ ಯಾಕೆ? ನಮ್ಮತ್ತೆಯನ್ನು ಕರೆದುಕೊಂಡು ಹೋದಾಗ ಹಳೆಯ ರಿಪೋರ್ಟ್ ನೋಡಿ, "ಅಮ್ಮಾ, ನಿಮ್ಮ ಮೂಳೆ ಟೊಳ್ಳಾಗಿದೆ, ಒತ್ತಿದ್ರೆ ಮುರಿಯಬಹುದು. ಮೂಳೆ ಡಾಕ್ಟರ್ ಹತ್ರ ಹೋಗಿ" ಅಂತ ದುಡ್ಡೂ ತಗೊಳ್ಳದೆ ಕಳಿಸಿದರು.

ಕಾಲಲ್ಲಿ ಶಕ್ತಿ ಕಡಿಮೆಯಾಗಿದ್ದರೆ, ಮೂತ್ರ ಹಿಡಿತ ತಪ್ಪಿದ್ದರೆ ಇಲ್ಲಿಗೆ ಬರಲೇಬೇಡಿ, ನೇರ ಆಸ್ಪತ್ರೆಗೆ ಓಡಿ. ಬರೀ ಸೊಂಟ ಹಿಡಿದಿದ್ದರೆ, ಒಂದು ಸಲಕ್ಕೆ ಸಾವಿರದ ಮೇಲೆ ಕೊಡಲು ತೊಂದರೆ ಇಲ್ಲದಿದ್ದರೆ ಮಾಡಿಸಿ ನೋಡಬಹುದು. ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಒಂದು, ಅತ್ತೆಯನ್ನು ವಾಪಸ್ ಕಳಿಸಿದ್ದಕ್ಕೆ.