ತುರ್ಕುಗೆ ಹೋದ್ರೆ ಮೊದ್ಲು ಫೊರಿ ಹತ್ತಿ

ಫಿನ್ಲೆಂಡ್ ಅಂದ್ರೆ ನಮ್ಮೋರು ಹೆಲ್ಸಿಂಕಿ ನೋಡ್ಕೊಂಡು ಸೀದಾ ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಗ್ಬಿಡ್ತಾರೆ. ಹೆಲ್ಸಿಂಕಿಯಿಂದ ಟ್ರೇನಲ್ಲಿ ಹತ್ರತ್ರ ಎರಡು ಗಂಟೆ ಪಶ್ಚಿಮಕ್ಕೆ ಬಂದ್ರೆ ಸಮುದ್ರದ ದಡದಲ್ಲಿ ತುರ್ಕು ಸಿಗತ್ತೆ, ಆ ದೇಶದ ಅತಿ ಹಳೇ ಊರು, 1812ರಲ್ಲಿ ರಾಜಧಾನಿ ಪಟ್ಟ ಹೆಲ್ಸಿಂಕಿಗೆ ಹೋಗೋ ತನಕ ದೊಡ್ಡೂರು ಅಂದ್ರೆ ಇದೇ. ಊರ ಮಧ್ಯೆ ಔರಾ ಹೊಳೆ, ಅದನ್ನ ದಾಟ್ಸೋಕೆ ಫೊರಿ ಅನ್ನೋ ಪುಟ್ಟ ಫೆರ್ರಿ. ಈ ರಿವ್ಯೂ ಅದ್ರದ್ದೇ.

ಟಿಕೆಟ್ ಇಲ್ಲ, ಪೂರ್ತಿ ಫ್ರೀ. 1904ರಿಂದ ಓಡ್ತಾ ಇದೆ, ಮೊದ್ಲು ಸೌದೆ ಉರಿಸೋ ಸ್ಟೀಮ್ ಇಂಜಿನ್, ಆಮೇಲೆ ಡೀಸೆಲ್, 2017ರಿಂದ ಎಲೆಕ್ಟ್ರಿಕ್. ಹಾಗಾಗಿ ಸದ್ದೇ ಇಲ್ಲ, ದಡ ಬಿಟ್ಟಿದ್ದು ಗೊತ್ತಾಗೋದೇ ನೀರು ಪಕ್ಕಕ್ಕೆ ಬಡಿಯೋ ಶಬ್ದ ಕೇಳಿದ್ಮೇಲೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಇರೋದ್ರಿಂದ ತಿರುಗಿಸೋ ಕೆಲ್ಸವೇ ಇಲ್ಲ, ಗೇಟ್ ತೆಗೀತಾರೆ, ಸೈಕಲ್ ತಳ್ಕೊಂಡು ಬಂದೋರು, ಮಕ್ಕಳ ಗಾಡಿಯೋರು, ನಾಯಿ ಹಿಡ್ಕೊಂಡೋರು ಎಲ್ಲಾ ಹತ್ತಿದ ಕೂಡ್ಲೆ ಹೊರಟು ಎರಡೇ ನಿಮಿಷಕ್ಕೆ ಆಚೆ ದಡ. ನನ್ನ ಪಕ್ಕ ನಿಂತಿದ್ದ ಅಜ್ಜನ ಸೈಕಲ್ ಬುಟ್ಟೀಲಿ ಪೇಪರ್ ಸುತ್ತಿದ ಬ್ರೆಡ್ ಇತ್ತು, ಅಂದ್ರೆ ಇದು ಟೂರಿಸ್ಟ್‌ಗಳಿಗೆ ಅಂತ ಮಾಡಿದ್ದಲ್ಲ, ಊರೋರು ಸಾಮಾನು ತರೋಕೆ ಹೋಗೋ ದಾರಿ. ನಂಗೆ ಇಷ್ಟ ಆಗಿದ್ದೇ ಅದು.

ನೀರು ಕಂದು ಬಣ್ಣ ಇದೆ, ಕೊಳಕು ಅಂದ್ಕೋಬೇಡಿ, ಜೇಡಿಮಣ್ಣಿನ ಹೊಲಗಳ ಮಧ್ಯೆ ಹರ್ಕೊಂಡು ಬರತ್ತಲ್ಲ ಅದಕ್ಕೆ. ಇಲ್ಲಿಯವರು ಊರಿನ ದೊಡ್ಡ ಚರ್ಚ್ ಇರೋ ದಡಕ್ಕೆ ಹೊಳೆ ಈಚೆ, ಇನ್ನೊಂದಕ್ಕೆ ಹೊಳೆ ಆಚೆ ಅಂತಾರೆ, ಅವ್ರದ್ದೇ ಆಡುಮಾತಲ್ಲಿ, ನಮ್ಮ ಕರಾವಳಿ ಕಡೆ ದೋಣಿ ಕಡವಿನ ಹತ್ರ ಇರೋರಿಗೆ ಇದು ತಕ್ಷಣ ಅರ್ಥ ಆಗತ್ತೆ.

ಆಚೆ ಇಳಿದು ಸಮುದ್ರದ ಕಡೆ ನಡೀರಿ. ಸುವೊಮೆನ್ ಯೌತ್ಸೆನ್ ಅನ್ನೋ ಬಿಳೀ ಹಾಯಿಹಡಗು ನಿಂತಿದೆ, ಇನ್ನೂ ಮುಂದೆ 13ನೇ ಶತಮಾನದಲ್ಲಿ ಕಟ್ಟೋಕೆ ಶುರು ಮಾಡಿದ ಕೋಟೆ. ಹಸಿವಾದ್ರೆ ಹೊಳೆ ಗುಂಟ ವಾಪಸ್ ಮೇಲೆ ಬಂದು 1896ರ ಮಾರ್ಕೆಟ್ ಹಾಲಿಗೆ ಹೋಗಿ, ದ್ವೀಪದೋರ ಬ್ರೆಡ್ ಕೇಳಿ, ಕಪ್ಪಗೆ, ಬೆಲ್ಲದ ಪಾಕದ ಥರ ಸಿಹಿ, ಬೆಣ್ಣೆ ದಪ್ಪಗೆ ಸವರ್ಕೊಂಡು ತಿನ್ಬೇಕು.

ರಾತ್ರಿ ಫೊರಿ ಇರಲ್ಲ, ಟೈಮ್ ನೋಡ್ಕೊಳ್ಳಿ, ಇಲ್ಲಾಂದ್ರೆ ಮಾರ್ಟಿನ್‌ಸಿಲ್ತಾ ಸೇತುವೆ ತನಕ ನಡೀಬೇಕು. ನಾನಂತೂ ಒಂದೇ ದಿನ ನಾಲ್ಕು ಸಲ ದಾಟಿದೆ, ಎರಡು ಸಲ ಆಚೆ ಏನೂ ಕೆಲ್ಸ ಇರ್ಲಿಲ್ಲ.