ಇ-ಬರ್ಡ್ ಆಪ್ ಮತ್ತು ಒಂದು ಹಳೆ ನೋಟ್‌ಬುಕ್: ನಾಲ್ಕು ವರ್ಷ ಬಳಸಿದ ಮೇಲೆ

ಪಂಪ್‌ಸೆಟ್ ಸಾಮಾನು ಮಾರುವುದು ನನ್ನ ಕೆಲಸ. ಗಂಗಾವತಿಯಿಂದ ಸಿಂಧನೂರು, ಸಿರುಗುಪ್ಪ, ಕಂಪ್ಲಿ ಅಂತ ವಾರಕ್ಕೆ ನಾಲ್ಕು ದಿನ ಬೈಕ್ ಮೇಲೇ ಇರುತ್ತೇನೆ. 2022ರ ಜನವರಿ 1ರಿಂದ ದಾರಿಯಲ್ಲಿ ಕಂಡ ಹಕ್ಕಿಗಳನ್ನು ಇ-ಬರ್ಡ್ ಆಪ್‌ಗೆ ಹಾಕುತ್ತಾ ಬಂದಿದ್ದೇನೆ.

ಆಪ್ ಪುಕ್ಕಟೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು ನಡೆಸುತ್ತಾರೆ, 2002ರಲ್ಲಿ ಶುರುವಾದದ್ದು. ನಮ್ಮ ಕಡೆಯ ಹಕ್ಕಿಗಳ ಪಟ್ಟಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಬರೆಯಬಹುದು. ಮನೆಗೆ ಬಂದ ಮೇಲೆ ಕಳಿಸಿದರಾಯಿತು. ಜಿಪಿಎಸ್ ಆನ್ ಇದ್ದರೆ ನನ್ನ ಫೋನ್ ಮಧ್ಯಾಹ್ನಕ್ಕೇ ಮಲಗುತ್ತದೆ, ಆದರೆ ಅದಕ್ಕೂ ವಯಸ್ಸಾಗಿದೆ.

ಪಟ್ಟಿ ಕಳಿಸುವ ಮೊದಲು ಆಪ್ ಒಂದು ಪ್ರಶ್ನೆ ಕೇಳುತ್ತದೆ: ನಿಮಗೆ ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಮೊದಲ ಆರು ತಿಂಗಳು ನಾನು ಸುಮ್ನೆ ಹೌದು ಅಂತ ಒತ್ತುತ್ತಿದ್ದೆ. ಬರೆಯುತ್ತಿದ್ದುದು ಚಂದದ ಹಕ್ಕಿಗಳನ್ನು ಮಾತ್ರ. ಕಾಗೆ ಯಾರಿಗೆ ಬೇಕು ಅಂತ ಬಿಡುತ್ತಿದ್ದೆ. ಅದು ಸುಳ್ಳು ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಲ್ಲಿ ನಮಗೆ ಕಾಣಲಿಲ್ಲ ಅಂತ ಅರ್ಥ. ಎಡದಂಡೆ ಕಾಲುವೆ ಮೇಲೆ ಹದಿನೈದು ನಿಮಿಷ ನಿಂತೆ, ಗುಬ್ಬಿ ಇರಲಿಲ್ಲ ಅನ್ನುವುದೂ ಒಂದು ಸುದ್ದಿ. ನನ್ನ ಆರು ತಿಂಗಳ ಪಟ್ಟಿ ನೋಡಿದವರು ಗಂಗಾವತಿಯಲ್ಲಿ ಕಾಗೆಗಳೇ ಇಲ್ಲ ಅಂದುಕೊಳ್ಳಬೇಕು! ಕೂತು ಒಂದೊಂದನ್ನೇ ತಿದ್ದಿದೆ.

ಎಣಿಸುವುದು ಹಾಗೇ ಕಲಿತದ್ದು. ಎಣಿಸಲು ಆಗದಿದ್ದರೆ ಎಕ್ಸ್ ಅಂತ ಹಾಕಬಹುದು, ಆದರೆ ಅಂದಾಜು ಸಂಖ್ಯೆ ಇದ್ದರೇ ಚೆನ್ನ. ಸಿಂಧನೂರಿನ ಕಡೆ ಜೋಳ ಹಾಲುಗಾಳು ಕಟ್ಟಿದಾಗ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಇಳಿಯುತ್ತವೆ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಅಂತ ನೋಡಿಕೊಂಡು, ಅಂಥ ಹತ್ತುಗಳು ಎಷ್ಟಿವೆ ಅಂತ ಎಣಿಸುತ್ತೇನೆ. ಕವಣೆ ಹಿಡಿದು ಅಟ್ಟದ ಮೇಲೆ ನಿಂತ ರೈತನಿಗೆ ನನ್ನ ಲೆಕ್ಕ ಕಂಡರೆ ನಗು. ದುರ್ಬೀನು ನೋಡಿದರೆ ಇನ್ನೂ ಕೆಲವರಿಗೆ ಗಾಬರಿ. "ಸರ್ವೆ ಮಾಡಾಕ ಬಂದೀರೇನ್ರಿ? ಕಾಲುವಿ ಅಗಲ ಮಾಡ್ತಾರೇನು?" ಹಕ್ಕಿ ನೋಡ್ತಿದ್ದೀನಿ ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಈಗ ದುರ್ಬೀನನ್ನು ಮೊದಲು ಅವರ ಕೈಗೇ ಕೊಟ್ಟುಬಿಡುತ್ತೇನೆ.

ನನಗೆ ತುಂಬಾ ಹಿಡಿಸಿದ್ದು ವರ್ಷದ ಪಟ್ಟಿ. ಜನವರಿ 1ಕ್ಕೆ ಅದು ಸೊನ್ನೆಗೆ ಬರುತ್ತದೆ. ಡಿಸೆಂಬರ್ 31ರಂದು ಕಣ್ಣೆತ್ತಿ ನೋಡದ ಗೊರವಂಕ ಮರುದಿನ ಬೆಳಿಗ್ಗೆ ಹೊಸ ಹಕ್ಕಿ. ಮೊದಲ ವರ್ಷ 118 ಜಾತಿ ಆಯಿತು. ಈಗ 140ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ಬೇಕಂದರೆ ಕೆಲಸ ಬಿಡಬೇಕು.

ಪಟ್ಟಿಯ ಹುಚ್ಚಿನಿಂದ ಒಮ್ಮೆ ಎಡವಿದೆ. ಹಳದಿ ಕೊರಳಿನ ಪಿಕಳಾರ ಅಂತ ಒಂದಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಇರುವ ಹಕ್ಕಿ. ಆನೆಗೊಂದಿಯ ಗುಡ್ಡದಲ್ಲಿ ಹಸಿರು ಮಿಶ್ರಿತ ಕಂದು ಹಕ್ಕಿಯೊಂದು ಪೊದೆಯೊಳಗೆ ನುಗ್ಗಿದ್ದು ಕಂಡು ಅದೇ ಅಂತ ಬರೆದುಬಿಟ್ಟೆ. ಪಟ್ಟಿಗಳನ್ನು ಪರಿಶೀಲಿಸುವ ಸ್ವಯಂಸೇವಕರು ಇರುತ್ತಾರೆ. ಫೋಟೊ ಇದೆಯಾ ಅಂತ ಮರ್ಯಾದೆಯಿಂದಲೇ ಕೇಳಿದರು. ಇತ್ತು. ದೊಡ್ಡದು ಮಾಡಿ ನೋಡಿದರೆ ಕಣ್ಣ ಮೇಲೆ ಬಿಳಿ ಹುಬ್ಬು! ಬಿಳಿಹುಬ್ಬಿನ ಪಿಕಳಾರ, ನಮ್ಮ ಕುರುಚಲು ಕಾಡಿನಲ್ಲಿ ಮಾಮೂಲಿ. ಅಳಿಸಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ ಅಂತ ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ. ಮರುವರ್ಷ ಅದೇ ಗುಡ್ಡದಲ್ಲಿ ನಿಜವಾದದ್ದು ಬಂಡೆ ಮೇಲೆ ಬಂದು ಕೂತಿತು. ಅರಿಶಿನ ಹಚ್ಚಿದಂಥ ತಲೆ, ಕೊರಳು. ಇದನ್ನು ಅದರ ಜೊತೆ ಹೇಗೆ ಬೆರೆಸಿದೆನೋ ಅನಿಸಿತು.

ಕೊರತೆ ಅಂದರೆ ಇದು ಹಕ್ಕಿಗಳಿಗೆ ಮಾತ್ರ. ಪ್ರಾಣಿಗಳಿಗೆ ಬೇರೆ ಆಪ್ ಇವೆ, ನನಗೆ ಒಂದೇ ಸಾಕಾಗಿದೆ. ಅದಕ್ಕೆ ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಮುಂಗುಸಿ, ಮೊಲ, ಉಡ, ನರಿ ಎಲ್ಲ ಅದರಲ್ಲಿ. ಅಲ್ಲಿ ಪರಿಶೀಲಕರು ಇಲ್ಲ, ನಿಯಮ ನನ್ನದೇ. ದರೋಜಿ ಕರಡಿಧಾಮದ ಕರಡಿಯನ್ನು ಲೆಕ್ಕಕ್ಕೆ ಹಿಡಿಯಬೇಕಾ ಅಂತ ಬಹಳ ಯೋಚಿಸಿದೆ. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದಿರುತ್ತಾರೆ, ಸಂಜೆ ಕರಡಿಗಳು ನೆಕ್ಕಲು ಬರುತ್ತವೆ. ಕಾಡಿನ ಕರಡಿಯೇ, ಆದರೂ ಊಟಕ್ಕೆ ಕರೆದು ನೋಡಿದ ಹಾಗಲ್ವಾ? ಕೊನೆಗೆ ಬರೆದೆ, ಪಕ್ಕದಲ್ಲಿ "ಬೆಲ್ಲ" ಅಂತ ಗುರುತು ಹಾಕಿ.

ನೀರುನಾಯಿಗೆ ಅಂಥ ತಕರಾರಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ತುಂಗಭದ್ರೆ ಅವುಗಳಿಗೆ ಸಂರಕ್ಷಿತ ಪ್ರದೇಶ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆಯೇ ಸಿಗುತ್ತಿದ್ದವು. 2024ರಲ್ಲಿ ಬೇಸಿಗೆ ಪೂರ್ತಿ ತಪ್ಪಿಹೋದವು. ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು, ಹೊಳೆ ತುಂಬಿ ಅವು ಮೈ ಕಾಯಿಸುವ ಬಂಡೆಗಳೇ ಮುಳುಗಿದವು. ಕೊನೆಗೆ ಡಿಸೆಂಬರ್‌ನಲ್ಲಿ ಮೂರು ಕಂಡವು, ಒಂದರ ಬಾಯಲ್ಲಿ ಮೀನು. ತೆಪ್ಪದವನು ಬಲೆ ಹರಿಯುತ್ತವೆ ಅಂತ ಬೈಯುತ್ತಿದ್ದ. ನಾನು ಪೆನ್ನು ಹುಡುಕುತ್ತಿದ್ದೆ.

ಆಪ್‌ನಲ್ಲಿ ಆಯುಷ್ಯದ ಪಟ್ಟಿಯೂ ಇದೆ, ಇಲ್ಲಿವರೆಗೆ ಕಂಡ ಜಾತಿಗಳೆಲ್ಲ ಅದರಲ್ಲಿ. ನನ್ನದರಲ್ಲಿ ಎರೆಲಡ್ಡು (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಲ್ಲ. ಎರೆ ಭೂಮಿಯ ಹೆಸರನ್ನೇ ಹೊತ್ತ ಆ ದೊಡ್ಡ ಹಕ್ಕಿಯನ್ನು ಸಿರುಗುಪ್ಪದ ಕಡೆಯ ಹಿರಿಯರು ಹತ್ತಿ ಹೊಲದಲ್ಲಿ ನಡೆದುಹೋಗುವುದನ್ನು ಕಂಡಿದ್ದಾರೆ. ಪಂಪ್ ಬಿಚ್ಚುವಾಗ ಅವರ ಮಾತು ಕೇಳುತ್ತೇನೆ. ಹೀಗೆ ಬೇರೆಯವರ ಬಾಯಲ್ಲಿ ಕೇಳಿದ್ದನ್ನು ಬರೆಯಲು ಆಪ್‌ನಲ್ಲೂ ಜಾಗ ಇಲ್ಲ, ನೋಟ್‌ಬುಕ್‌ನಲ್ಲೂ ಇಲ್ಲ.

ಐದಕ್ಕೆ ನಾಲ್ಕು ನಕ್ಷತ್ರ. ಈ ವರ್ಷ ನೋಟ್‌ಬುಕ್‌ಗೆ ಇನ್ನೂ ತೋಳ ಬಂದಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದ ಹತ್ತಿರ ಒಬ್ಬರಿಗೆ ಮೋಟಾರ್ ಕೊಡುವುದಿದೆ, ಭಾನುವಾರ ಬೆಳಿಗ್ಗೆ ಐದಕ್ಕೇ ಬರ್ತೀನಿ ಅಂದಿದ್ದೇನೆ. ಇಷ್ಟು ಬೇಗ ಯಾಕೆ ಅಂತ ಅವರಿಗೆ ಇನ್ನೂ ಹೇಳಿಲ್ಲ.