486ರ ಸತ್ತ ಬ್ಯಾಟರಿಗೆ ಬದಲಿ: ಅಗ್ಗದಲ್ಲಿ ಯಾವುದು ವಾಸಿ?

386, 486 ಅನ್ನುವ ಹಳೆಯ ಪ್ರೊಸೆಸರಿನ ಕಂಪ್ಯೂಟರುಗಳ ಮದರ್‌ಬೋರ್ಡಿನ ಮೂಲೆಯಲ್ಲಿ ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. 3.6 ವೋಲ್ಟಿನದು. ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ, ಸೆಟ್ಟಿಂಗ್ ಇಟ್ಟುಕೊಳ್ಳುವ ಚಿಪ್‌ಗೆ ಕರೆಂಟ್ ಕೊಡುವುದು ಇದೇ. ಅದು ಸತ್ತರೆ ತಾರೀಕು ಮಾತ್ರ ಅಲ್ಲ, ಹಾರ್ಡ್ ಡಿಸ್ಕಿನ ವಿವರವೂ ಅಳಿಸಿಹೋಗುತ್ತದೆ. ಪ್ರತಿ ಸಲ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಡಿಸ್ಕಿನ ಅಳತೆಯ ಸಂಖ್ಯೆಗಳನ್ನು ತುಂಬುತ್ತಾ ಕೂರಬೇಕು. ಅದು ಸುಮ್ನೆ ಸಾಯುವುದೂ ಇಲ್ಲ. ಒಳಗಿನ ಕ್ಷಾರ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ನನ್ನದರಲ್ಲಿ ಹಸಿರು ಪುಡಿ ಕೀಬೋರ್ಡ್ ಸಾಕೆಟ್‌ವರೆಗೂ ಹಬ್ಬಿತ್ತು. ಬ್ಯಾಟರಿ ಕಿತ್ತು, ಹಳೇ ಟೂತ್‌ಬ್ರಷ್‌ನಲ್ಲಿ ವಿನೆಗರ್ ಹಚ್ಚಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕ ಅಗ್ಗದ ಸಾಮಾನುಗಳನ್ನೆಲ್ಲ ಹಾಕಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಸಿಆರ್2032 ಬಟನ್ ಸೆಲ್. ಆದರೆ ಬೋರ್ಡು ಹಳೇ ಬ್ಯಾಟರಿಗೆ ಚಾರ್ಜ್ ಕೊಡುತ್ತಿತ್ತು, ಈ ಸೆಲ್ ಚಾರ್ಜ್ ಮಾಡುವಂಥದ್ದಲ್ಲ. ಉಬ್ಬಬಹುದು, ಸಿಡಿಯಲೂಬಹುದು. ಅದಕ್ಕೇ ನಡುವೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಬೇಕು. ಅಗ್ಗದ 1ಎನ್4148 ಡಯೋಡ್ ಅರ್ಧ ವೋಲ್ಟಿನ ಹತ್ತಿರ ನುಂಗುತ್ತದೆ. ಬೋರ್ಡಿನಲ್ಲಿ ಚಿಪ್‌ಗೆ ಹೋಗುವ ದಾರಿಯಲ್ಲಿ ಇನ್ನೊಂದು ಡಯೋಡ್ ಮೊದಲೇ ಇರುತ್ತದೆ. ಇರುವುದೇ 3 ವೋಲ್ಟ್, ಇಬ್ಬರಿಗೂ ಪಾಲು ಕೊಟ್ಟರೆ ಚಿಪ್‌ಗೆ ಏನು ಉಳಿಯುತ್ತೆ? ಹೊಸ ಸೆಲ್ ಇದ್ದಾಗ ಗಡಿಯಾರ ಓಡಿತು, ಸೆಲ್ ಸ್ವಲ್ಪ ಇಳಿದದ್ದೇ ಸೆಟ್ಟಿಂಗ್ ಹೋಯಿತು. ಕಡಿಮೆ ನುಂಗುವ ಶಾಟ್ಕಿ ಡಯೋಡ್ ಹಾಕಿದ ಮೇಲೆ ಪರವಾಗಿಲ್ಲ ಅನ್ನಿಸಿತು.

ಕಾರ್ಡ್‌ಲೆಸ್ ಫೋನಿನ 3.6 ವೋಲ್ಟ್ ಪ್ಯಾಕ್‌ಗೆ ಈ ರಗಳೆ ಇಲ್ಲ. ಚಾರ್ಜ್ ತಗೊಳ್ಳುತ್ತದೆ, ಡಯೋಡ್ ಬೇಡ. ಆದರೆ ನಾನು ಈ ಮಷೀನ್ ಹಾಕುವುದೇ ಅಪರೂಪ. ಸುಮ್ಮನೆ ಇಟ್ಟರೂ ಪ್ಯಾಕ್ ತಾನಾಗೇ ಇಳಿದುಹೋಗುತ್ತದೆ. ವಾರಕ್ಕೊಮ್ಮೆ ಆನ್ ಮಾಡುವವರಿಗೆ ಇದು ಸರಿ. ಬ್ಯಾಟರಿಯ ಹಾಗೆ ಚಾರ್ಜ್ ಹಿಡಿದಿಡುವ ಸೂಪರ್ ಕೆಪಾಸಿಟರ್ ಇನ್ನೂ ಬೇಗ ಖಾಲಿ, ಬಿಟ್ಟುಬಿಡಿ.

ನನಗೆ ಒಪ್ಪಿಗೆಯಾದದ್ದು ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್. ಮೂರು ಸೆಲ್‌ನ ಪ್ಲಾಸ್ಟಿಕ್ ಹೋಲ್ಡರ್, ಉದ್ದ ವೈರು, ತುದಿಗೆ ಕನೆಕ್ಟರ್. ಬಹಳಷ್ಟು ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್ ಇರುತ್ತವೆ, ಸಾಮಾನ್ಯವಾಗಿ ಒಂದನೆಯದು ಪ್ಲಸ್, ಕೊನೆಯದು ಗ್ರೌಂಡ್. ಸೆಲ್ ಸೇರಿಸುವ ಮೊದಲು ಕಂಪ್ಯೂಟರ್ ಆನ್ ಮಾಡಿ ಆ ಎರಡು ಪಿನ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಏನೂ ತೋರಿಸದಿದ್ದರೆ ಅಲ್ಲಿಂದ ಚಾರ್ಜ್ ಬರುತ್ತಿಲ್ಲ ಅಂತ ಅರ್ಥ. ನಾಲ್ಕೈದು ವೋಲ್ಟ್ ತೋರಿಸಿದರೆ ಇಲ್ಲೂ ಡಯೋಡ್ ಹಾಕಿ. 4.5 ವೋಲ್ಟ್ ಇರುವುದರಿಂದ ಕಳೆದುಕೊಳ್ಳಲು ಬೇಕಾದಷ್ಟಿದೆ. ಸೆಲ್ ಆಲ್ಕಲೈನ್ ಆಗಿರಲಿ. ಅದೂ ಒಂದಿನ ಸೋರಬಹುದು, ಅಲ್ವಾ? ಸೋರಲಿ. ಹೋಲ್ಡರನ್ನು ಬೋರ್ಡಿನಿಂದ ದೂರ, ಕೇಸಿನ ತಳದಲ್ಲಿ ಡಬಲ್ ಟೇಪ್ ಹಾಕಿ ಅಂಟಿಸಿದ್ದೇನೆ. ಕೆಟ್ಟರೆ ಹೋಲ್ಡರ್ ಕೆಡುತ್ತದೆ ಅಷ್ಟೆ.

ಪಿನ್ ಇಲ್ಲದ ಬೋರ್ಡಾದರೆ ಇದೇ ವೈರನ್ನು ಡಯೋಡ್ ಸಮೇತ ಹಳೇ ಬ್ಯಾಟರಿಯ ಜಾಗಕ್ಕೆ ಬೆಸುಗೆ ಹಾಕಬಹುದು. ಡಲ್ಲಾಸ್ ಡಿಎಸ್1287 ಅನ್ನುವ ಕಪ್ಪು ಗಡಿಯಾರದ ಚಿಪ್ ಇದ್ದರೆ ಮಾತ್ರ ಇದ್ಯಾವುದೂ ನಡೆಯಲ್ಲ, ಅದರ ಬ್ಯಾಟರಿ ಚಿಪ್‌ನ ಒಳಗೇ ಇರುತ್ತದೆ.